ಕೋವಿಯ ಮೂತಿ ಮತ್ತು ಗುರಿಮಣಿ: ಠಾಣೆಯಿಂದ ಕೊಡಗಿನವರೆಗೆ

ನಾಸಿಕದ ಕಡೆಗೂ ಘೋಡಬಂದರಿನ ಕಡೆಗೂ ದಾರಿಗಳು ಕವಲೊಡೆಯುವ ಮಾಜಿವಾಡಾಕ್ಕೆ ಅನತಿದೂರದಲ್ಲಿ ಠಾಣೆಯ ಕೋಟೆಯಿದೆ. ಅದು ಈಗ ಕಾರಾಗೃಹವಾಗಿದೆ. ಪೋರ್ತುಗೀಸರು 1730ರಲ್ಲಿ ಕಟ್ಟಲಾರಂಭಿಸಿದ ಈ ಕೋಟೆಯನ್ನು 1737ರಲ್ಲಿ ಮರಾಠರು ವಶಪಡಿಸಿಕೊಂಡರು. 1774ರ ಡಿಸೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯವು ಲಗ್ಗೆಯಿಟ್ಟು ಇದನ್ನು ಹಿಡಿಯಿತು. ಅದೇ ಸೈನ್ಯವು 1783ರಲ್ಲಿ ಬಿದನೂರಿನಲ್ಲಿ ಟಿಪ್ಪುವಿಗೆ ಶರಣಾಯಿತು. 1799ರಲ್ಲಿ ಕೊಡಗಿನ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಡೆಯಿತು. ಆದುದರಿಂದ ಆ ಸೈನಿಕರ ಹೆಗಲ ಮೇಲಿದ್ದ ಕೋವಿಯ ಕಥೆ ಕನ್ನಡ ನಾಡಿನ ಇತಿಹಾಸಕ್ಕೂ ಸೇರಿದುದು. ಆ ಕಥೆಯಲ್ಲಿ ಕೊಳವೆಯ ತುದಿಯ ಮೇಲೆ ಕೂರಿಸುವ ಕಾಳಿನಷ್ಟು ಲೋಹದ ತುಣುಕಿಗೆ ಅನಿರೀಕ್ಷಿತವಾದ ಸ್ಥಾನವಿದೆ. ಅದನ್ನು ಇಲ್ಲಿ ಗುರಿಮಣಿ ಎಂದು ಕರೆಯಬಹುದು.

ಭಾರತೀಯ ಕಮ್ಮಾರನು ಮಾಡುತ್ತಿದ್ದ ಬತ್ತಿಕೋವಿಗೆ ಸಾಮಾನ್ಯವಾಗಿ ಎರಡು ಗುರುತುಗಳಿರುತ್ತಿದ್ದುವು: ಕಣ್ಣಿನ ಬಳಿ ಒಂದು ಕಂಡಿ, ಮೂತಿಯ ಮೇಲೆ ಒಂದು ಮಣಿ. ಕೊಳವೆಯ ಬಾಯಿಗೆ ಉಬ್ಬಿದ ಬಳೆಯಂತಹ ಅಂಚನ್ನು ಕೊಡುವುದೂ ರೂಢಿಯಾಗಿತ್ತು. ಮಣಿಯನ್ನು ಕೂರಿಸುವುದು ಚಿಕ್ಕ ಕೆಲಸವಾದರೂ ಸುಲಭವಾದುದಲ್ಲ. ಅದು ಎಡಕ್ಕೆ ಸರಿದರೆ ಗುಂಡು ಬಲಕ್ಕೆ ಹೋಗುತ್ತದೆ. ಎತ್ತರವಾದರೆ ಗುಂಡು ಕೆಳಗೆ ಬೀಳುತ್ತದೆ. ಹಾಗಾಗಿ ಹೊಡೆದು ನೋಡಿ, ಅರದಿಂದ ಉಜ್ಜಿ, ಮತ್ತೆ ಹೊಡೆದು ನೋಡಬೇಕು. ಒಬ್ಬ ಮನುಷ್ಯನ ಕಣ್ಣಿಗೂ ಅವನು ನೋಡಿ ಹೊಡೆಯುವ ಗುರಿಗೂ ನೇರವಾದ ಸಂಬಂಧವುಂಟೆಂಬ ನಂಬಿಕೆಯೇ ಈ ಕೆಲಸದ ಬುಡದಲ್ಲಿದೆ.

ಕಂಪನಿಯ ಚಕಮಕಿ ಕೋವಿಯ ರಚನೆ ಬೇರೆ. 39 ಅಂಗುಲದ ಕೊಳವೆಯುಳ್ಳ ಈ ಮಾದರಿಯನ್ನು 1790ರ ದಶಕದಲ್ಲಿ ಬ್ರಿಟಿಷ್ ಭೂಸೇನೆಯೂ ಸ್ವೀಕರಿಸಿತು. ಆದಕಾರಣ ಅದಕ್ಕೆ ‘ಇಂಡಿಯಾ ಮಾದರಿ’ಯೆಂಬ ಹೆಸರು ನಿಂತಿತು. ಅದರಲ್ಲಿ ಹಿಂದಿನ ಕಂಡಿಯೇ ಇರಲಿಲ್ಲ. ಮೂತಿಯ ಮೇಲಿದ್ದ ಚೌಕದ ಉಬ್ಬು ಸನೀನನ್ನು ಸಿಕ್ಕಿಸುವ ಕೊಕ್ಕೆಯಾಗಿತ್ತು. ಗುರಿ ನೋಡಲು ಬೇಕಾದರೆ ಅದನ್ನೇ ಬಳಸಿಕೊಳ್ಳಬೇಕಾಗಿತ್ತು. ನುಣುಪಾದ ಕೊಳವೆಗೆ ಸಡಿಲವಾದ ಗುಂಡನ್ನು ತುಂಬುತ್ತಿದ್ದುದರಿಂದ ನೂರು ಗಜದಾಚೆ ಅದು ಎಲ್ಲಿ ಬೀಳುವುದೆಂಬ ಭರವಸೆಯಿರಲಿಲ್ಲ. ಸಾಲಾಗಿ ನಿಂತು ಏಕಕಾಲಕ್ಕೆ ಹಾರಿಸಿ, ಅನಂತರ ಸನೀನು ಹಿಡಿದು ನುಗ್ಗುವ ಯುದ್ಧಕ್ರಮಕ್ಕೆ ಒಬ್ಬ ಸಿಪಾಯಿಯ ಕಣ್ಣು ಮುಖ್ಯವಾಗಿರಲಿಲ್ಲ.

ಟಿಪ್ಪು ಈ ಎರಡು ಪದ್ಧತಿಗಳನ್ನೂ ಬಲ್ಲವನಾಗಿದ್ದನು. ಅವನ ಕಾಲದ ‘ಫತ್‌ಹುಲ್ ಮುಜಾಹಿದೀನ್’ ಎಂಬ ಸೈನಿಕ ಗ್ರಂಥವು ಪದಾತಿಗಳ ಶಿಸ್ತುಬದ್ಧ ಕವಾಯತನ್ನು ವಿಧಿಸುತ್ತದೆ. ಇತ್ತ ಶ್ರೀರಂಗಪಟ್ಟಣದ ಕಾರ್ಖಾನೆಗಳು ತಯಾರಕನ ಹೆಸರನ್ನೂ ಮೌಲೂದಿ ವರ್ಷವನ್ನೂ ಕೆತ್ತಿದ ಸೊಗಸಾದ ಚಕಮಕಿ ಕೋವಿಗಳನ್ನು ಮಾಡಿದುವು. ಕಂಚಿನ ಫಿರಂಗಿಗಳಿಗೆ ಹುಲಿಮುಖದ ಮೂತಿಯನ್ನು ಎರಕಹೊಯ್ದುವು. 1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ಧೇಶ್ವರದಲ್ಲಿ ಅವನ ಪಡೆಯೂ ಮುಂಬಯಿ ಸೈನ್ಯವೂ ಸಂಧಿಸಿದುವು. ಕೊಡಗಿನ ದೊಡ್ಡ ವೀರರಾಜೇಂದ್ರನು ಕಂಪನಿಯ ಪಕ್ಷದಲ್ಲಿದ್ದನು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದರೊಡನೆ ಆ ಕಾರ್ಖಾನೆಗಳ ಪರಂಪರೆಯೂ ಕಡಿದುಹೋಯಿತು.

ಕೊಳವೆಯೊಳಗೆ ಸುರುಳಿಗೆರೆಗಳಿರುವ ರೈಫಲು ಬಂದಮೇಲೆ ಗುಂಡಿನ ದಾರಿ ಸ್ಥಿರವಾಯಿತು, ಗುರಿಮಣಿಗೆ ಮತ್ತೆ ಅರ್ಥ ಬಂದಿತು. 1853ರ ಎನ್‌ಫೀಲ್ಡ್ ರೈಫಲಿಗೆ ದೂರದ ಗಜಗಳನ್ನು ಗುರುತಿಸಿದ, ಎತ್ತಿ ನಿಲ್ಲಿಸುವ ಹಿಂಪಟ್ಟಿಯಿತ್ತು. ಅದರ ಮುಂದಿನ ಮಣಿಯೇ ಸನೀನಿನ ಕೊಕ್ಕೆಯೂ ಆಗಿತ್ತು. ಆದರೆ 1857ರ ದಂಗೆಯ ತರುವಾಯ ಭಾರತೀಯ ಸಿಪಾಯಿಗಳಿಗಾಗಿ ಸಿದ್ಧವಾದ ಮಾದರಿಯಲ್ಲಿ ಸುರುಳಿಗೆರೆಗಳಿಲ್ಲದ ನುಣುಪಾದ ಕೊಳವೆಯನ್ನಿಟ್ಟರು. ಎತ್ತುವ ಪಟ್ಟಿಯ ಬದಲು ಕದಲದ ಕಂಡಿಯೊಂದನ್ನು ಕೂರಿಸಿದರು. ಹೊರಗಿನಿಂದ ನೋಡಲು ಅದೇ ಕೋವಿ. ದೂರದ ಗುರಿ ಮಾತ್ರ ಇಲ್ಲ. ಆಳುವವರಿಗೆ ಸಿಪಾಯಿಯ ತೋಳು ಬೇಕಾಗಿತ್ತು, ಅವನ ಕಣ್ಣಿನ ಮೇಲೆ ವಿಶ್ವಾಸವಿರಲಿಲ್ಲ.

ಇದೇ ಕಾಲದಲ್ಲಿ ಜನಸಾಮಾನ್ಯರ ನಿಶ್ಶಸ್ತ್ರೀಕರಣವೂ ನಡೆಯಿತು. 1878ರ ಆಯುಧಗಳ ಕಾಯಿದೆಯಿಂದ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದು ಅಪರಾಧವಾಯಿತು. ಹಳ್ಳಿಯ ಕೋವಿ ಕಮ್ಮಾರನ ಕಸುಬಿಗೂ ಪೆಟ್ಟುಬಿದ್ದಿತು. ಕೊಡವರಿಗೆ ಮಾತ್ರ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿಯೇ ವಿನಾಯಿತಿ ಕೊಟ್ಟಿದ್ದನು. ಆ ವಿನಾಯಿತಿಯ ಹಿಂದೆ ಕೊಡವರ ನಿಷ್ಠೆಗೆ ಸಂದ ಪ್ರತಿಫಲವಿತ್ತೆಂಬುದನ್ನು ಮರೆಯಲಾಗದು. ಅದು ಸ್ವತಂತ್ರ ಭಾರತದಲ್ಲಿಯೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮುಂದುವರಿಯಿತು. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ಅದನ್ನು ಎತ್ತಿಹಿಡಿಯಿತು.

ಕೈಲ್‌ಪೊಳ್ದಿನಂದು ಕೊಡಗಿನಲ್ಲಿ ಆಯುಧಗಳನ್ನು ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಬಳಿಕ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಸಾಲುಗಟ್ಟಿದ ಪಡೆಯಿಲ್ಲ, ಅಪ್ಪಣೆ ಕೊಡುವ ಅಧಿಕಾರಿಯಿಲ್ಲ. ಒಂದು ಕಣ್ಣು, ಒಂದು ಮಣಿ, ಒಂದು ಕಾಯಿ. ಒಂದು ರಾಜ್ಯವು ತನ್ನ ಪ್ರಜೆಯನ್ನು ಎಷ್ಟು ನಂಬುತ್ತಿತ್ತೆಂಬುದನ್ನು ಅದರ ಶಾಸನಗಳಲ್ಲಿ ಹುಡುಕುವುದು ವಾಡಿಕೆ. ಆ ಪ್ರಜೆಯ ಕೈಗೆ ಕೊಟ್ಟ ಕೋವಿಯ ಮೂತಿಯನ್ನೂ ಇತಿಹಾಸಕಾರನು ಒಮ್ಮೆ ನೋಡುವುದು ಉಚಿತ.