ಕೀಲಿಕೈಯೊಳಗಿನ ಕೈ ಎಲ್ಲಿ ಹೋಯಿತು?

ಮಕ್ಕಳೇ! ಕಾಲೇಜಿಗೆ, ಕೆಲಸಕ್ಕೆ ಹೋಗುವ ನಿಮ್ಮನ್ನು ಹೀಗೆ ಕರೆದರೆ ಮುನಿಸಿಕೊಳ್ಳಬೇಡಿ, ನಮ್ಮ ಕಡೆಯ ರೂಢಿ ಅದು.

ಇಲ್ಲಿ ಕೆನಡಾದ ಜನವರಿ ಹೇಗಿರುತ್ತದೆಂದು ನಿಮಗೆ ಗೊತ್ತು. ಹೊರಗೆ ಮೈನಸ್ 20 ಡಿಗ್ರಿ. ಅಡುಗೆಮನೆ ಕಿಟಕಿಯ ಹತ್ತಿರ ನಿಂತು ರಿಮೋಟಿನಲ್ಲಿ ಮೊದಲು ಲಾಕ್ ಒತ್ತುತ್ತೀರಿ, ಆಮೇಲೆ ಸ್ಟಾರ್ಟ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತೀರಿ. ದೀಪ ಮಿನುಗಿ ಎಂಜಿನ್ ಶುರುವಾಗುತ್ತದೆ. ಸೀಟಿನಲ್ಲಿ ಯಾರೂ ಇಲ್ಲ. ಆಗ ಒಬ್ಬ ಕಳ್ಳ ಗಾಜು ಒಡೆದು ಒಳಗೆ ಕೂತು ಬ್ರೇಕ್ ತುಳಿದ ಅನ್ನಿ, ಎಂಜಿನ್ ತಟ್ಟನೆ ನಿಂತುಬಿಡುತ್ತದೆ. ಬೆಚ್ಚಗಾಗು ಎಂದರೆ ಆಗುತ್ತೇನೆ, ಹೊರಡು ಎಂದರೆ ಮಾತ್ರ ನೀನು ಯಾರೆಂದು ತೋರಿಸು! ಈ ಬುದ್ಧಿ ಕಾರಿಗೆ ಬರಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು.

ಕೀಲಿಕೈ, ಬೀಗದ ಕೈ ಎನ್ನುತ್ತೇವಲ್ಲ, ಆ ಪದದಲ್ಲೇ ಒಂದು ಕೈ ಇರುವುದನ್ನು ಗಮನಿಸಿದ್ದೀರಾ? ಕಾರು ಸ್ಟಾರ್ಟ್ ಮಾಡುವುದರ ಚರಿತ್ರೆ ಎಂದರೆ ಆ ಕೈ ಕಾರಿನಿಂದ ಸ್ವಲ್ಪಸ್ವಲ್ಪವೇ ದೂರ ಸರಿದ ಚರಿತ್ರೆ. ಕೈ ದೂರವಾದಷ್ಟೂ, ಕರೆಯುತ್ತಿರುವುದು ಯಜಮಾನನೋ ಬೇರೆಯವರೋ ಎಂದು ತಿಳಿಯುವುದು ಕಾರಿಗೆ ಕಷ್ಟವಾಗುತ್ತಾ ಹೋಯಿತು.

ಮೊದಮೊದಲು ಇದ್ದದ್ದು ಬರೀ ಕೈಯೇ. ಕಾರಿನ ಮುಂದೆ ನಿಂತು, ಕಬ್ಬಿಣದ ಹ್ಯಾಂಡಲ್ ತೂರಿಸಿ, ರಟ್ಟೆ ಬಲದಿಂದ ತಿರುಗಿಸಬೇಕು. ಕಿಡಿ ಹಾರುವ ಸಮಯವನ್ನು ಸರಿಯಾಗಿ ಹಿಂದಕ್ಕೆ ಇಟ್ಟಿರದಿದ್ದರೆ ಎಂಜಿನ್ ಉಲ್ಟಾ ಒದೆಯುತ್ತಿತ್ತು, ಮಣಿಕಟ್ಟು ಮುರಿಯುತ್ತಿತ್ತು. ಅದಕ್ಕೇ ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಜೊತೆಗೇ ಇಡಬೇಕೆಂದು ಕಲಿಸುತ್ತಿದ್ದರು. ಇದು ಪರದೇಶದ ಮಾತು ಎಂದುಕೊಳ್ಳಬೇಡಿ. ಊರಿನಲ್ಲಿ ನಿಮ್ಮ ಅಜ್ಜನ ಕಾಲದ ಅಂಬಾಸಿಡರ್ ಕಾರುಗಳಿಗೂ ಹ್ಯಾಂಡಲ್ ಇತ್ತು. ಫೋನ್ ಮಾಡಿದಾಗ "ಹ್ಯಾಂಡಲ್ ಹೊಡೆಯೋದು" ಅಂದರೇನು ತಾತ ಎಂದು ಕೇಳಿ ನೋಡಿ, ಅರ್ಧ ಗಂಟೆ ಬಿಡುವುದಿಲ್ಲ.

ಡೆಟ್ರಾಯಿಟಿನಲ್ಲಿ ಒಂದು ಕಥೆ ಪ್ರಸಿದ್ಧ. ಬೈರನ್ ಕಾರ್ಟರ್ ಎಂಬ ಕಾರು ತಯಾರಕ, ದಾರಿಯಲ್ಲಿ ಕಾರು ನಿಂತುಹೋಗಿದ್ದ ಹೆಂಗಸೊಬ್ಬಳಿಗೆ ನೆರವಾಗಲು ಹೋಗಿ, ಹ್ಯಾಂಡಲ್ ಹಿಂದಕ್ಕೆ ಒದ್ದು ದವಡೆಗೆ ಪೆಟ್ಟಾಗಿ, ಅದರಿಂದಲೇ 1908ರಲ್ಲಿ ತೀರಿಕೊಂಡನಂತೆ. ಅವನ ಗೆಳೆಯ, ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲ್ಯಾಂಡ್, ಆ ದುಃಖದಲ್ಲಿ ಈ ಹ್ಯಾಂಡಲನ್ನೇ ತೊಲಗಿಸುತ್ತೇನೆಂದು ಹಟ ಹಿಡಿದನಂತೆ. ಕಥೆಯ ವಿವರಗಳನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಆದರೆ ಕೆಲಸ ಒಹಾಯೋದ ಚಾರ್ಲ್ಸ್ ಕೆಟರಿಂಗ್ ಕೈಗೆ ಹೋದದ್ದು ನಿಜ. ಎಂಜಿನ್ ತಿರುಗಿಸಲು ಎಂಜಿನ್ನಿನಷ್ಟೇ ದೊಡ್ಡ ಮೋಟಾರ್ ಬೇಕು ಎಂದು ಹಲವರು ಕೈಚೆಲ್ಲಿದ್ದರು. ಕೆಟರಿಂಗ್ ಹಿಂದೆ ಅಂಗಡಿಯ ಕ್ಯಾಷ್ ರಿಜಿಸ್ಟರಿಗೆ ವಿದ್ಯುತ್ ಮೋಟಾರ್ ಮಾಡಿದ್ದವನು. ಗಲ್ಲಾಪೆಟ್ಟಿಗೆಯ ಮೋಟಾರ್ ದಿನವಿಡೀ ದುಡಿಯಬೇಕಿಲ್ಲ, ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಕಾರಿಗೂ ಅಷ್ಟೇ ಸಾಕಲ್ಲ ಎಂಬುದು ಅವನಿಗೆ ಹೊಳೆಯಿತು. 1912ರ ಕ್ಯಾಡಿಲಾಕ್ ಹಾಗೆ ಹ್ಯಾಂಡಲ್ ಇಲ್ಲದೆಯೇ ಸ್ಟಾರ್ಟ್ ಆಯಿತು. ರಟ್ಟೆಬಲದ ಹಂಗಿಲ್ಲದೆ ಹೆಂಗಸರು ಕಾರು ತೆಗೆದುಕೊಂಡು ಹೊರಟದ್ದಕ್ಕೆ ಇದೂ ಒಂದು ಕಾರಣ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡ ತಿರುವು ಇದೇ. ಮುಂದಿನದೆಲ್ಲ ಇದರ ಮೇಲೆ ಕಟ್ಟಿದ ಮಾಳಿಗೆ.

1949ರಲ್ಲಿ ಕ್ರೈಸ್ಲರ್, ಕೀ ತಿರುಗಿಸಿದರೆ ಎಂಜಿನ್ನೂ ಶುರುವಾಗುವಂತೆ ಮಾಡಿತು. ಅದೇ ವರ್ಷ ನಾರ್ತ್ ಡಕೋಟಾದ ಆಂಡ್ರ್ಯೂ ಫ್ರೀಮನ್‌ಗೆ ಎಂಜಿನ್ ಬೆಚ್ಚಗಿಡುವ ಹೀಟರಿಗೆ ಪೇಟೆಂಟ್ ಸಿಕ್ಕಿತು. ವಿನ್ನಿಪೆಗ್, ಎಡ್ಮಂಟನ್ ಕಡೆ ಕಾರುಗಳ ಮೂತಿಯಿಂದ ವೈರ್ ಜೋತಾಡುವುದನ್ನು ನೋಡಿದ್ದೀರಲ್ಲ, ಅದೇ. ಆದರೆ ಅದು ಎಂಜಿನ್ನಿಗೆ ಮಾತ್ರ ಬೆಚ್ಚಗೆ, ಸೀಟು ಮಂಜುಗಡ್ಡೆಯೇ. ಒಳಗೂ ಬೆಚ್ಚಗಾಗಬೇಕೆಂಬ ಆಸೆಯಿಂದ ರಿಮೋಟ್ ಸ್ಟಾರ್ಟರ್ ಬಂತು. ಮೊದಲು ಹೊರಗಿನ ಅಂಗಡಿಗಳಲ್ಲಿ ಹಾಕಿಸಿಕೊಳ್ಳಬೇಕಿತ್ತು, 2004ರ ಷೆವರ್ಲೆ ಮಾಲಿಬು ಹೊತ್ತಿಗೆ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲೇ ಹಾಕಿ ಕೊಟ್ಟಿತು.

ಇನ್ನು ಕಳ್ಳರ ಕಡೆಯ ಕಥೆ. ಮೊದಲ ಉಪಾಯ ಕೂಗುವುದು. 1982ರಲ್ಲಿ ಶುರುವಾದ ಡೈರೆಕ್ಟೆಡ್ ಎಲೆಕ್ಟ್ರಾನಿಕ್ಸ್ ಕಂಪನಿಯ ವೈಪರ್ ಅಲಾರಂ, ಹತ್ತಿರ ಬಂದವರಿಗೆ ದೂರ ಸರಿಯಿರಿ ಎಂದು ಗದರುತ್ತಿತ್ತು. ಆ ದನಿ ಕಂಪನಿಯ ಸ್ಥಾಪಕ ಡ್ಯಾರೆಲ್ ಈಸಾನದೇ. ಅವರು ಮುಂದೆ ಅಮೆರಿಕದ ಕಾಂಗ್ರೆಸ್ ಸದಸ್ಯರಾದರು, ಗದರುವ ಅಭ್ಯಾಸ ಅಲ್ಲೂ ಕೆಲಸಕ್ಕೆ ಬಂದಿರಬೇಕು! ಆದರೆ ಗಾಳಿಗೂ ಲಾರಿ ಹೋದದ್ದಕ್ಕೂ ಕೂಗಿಕೊಂಡರೆ ಯಾರು ಕಿವಿಗೊಡುತ್ತಾರೆ? ತೋಳ ಬಂತು ತೋಳ ಕಥೆಯೇ. ನ್ಯೂಯಾರ್ಕ್ ನಗರ ಅಲಾರಂ ಮೂರು ನಿಮಿಷದೊಳಗೆ ಬಾಯಿ ಮುಚ್ಚಬೇಕೆಂದು ಕಾನೂನನ್ನೇ ಮಾಡಬೇಕಾಯಿತು.

ನಿಜವಾಗಿ ಕೆಲಸ ಮಾಡಿದ್ದು ಮೌನಿ. ಅದರ ಹೆಸರು ಇಮ್ಮೊಬಿಲೈಜರ್. 1986ರ ಕಾರ್ವೆಟ್ ಕೀಯಲ್ಲಿ ಸಣ್ಣದೊಂದು ರೆಸಿಸ್ಟರ್ ಇತ್ತು, 15 ಬಗೆಯಲ್ಲಿ ಒಂದು. ಅದು ಹೊಂದದಿದ್ದರೆ ಎಂಜಿನ್ ಶುರುವಾಗದು. ಆಮೇಲೆ ಕೀಯೊಳಗೆ ಚಿಪ್ ಬಂತು. ಯುರೋಪ್ 1998ರಲ್ಲಿ, ಕೆನಡಾ 2007ರ ಸೆಪ್ಟೆಂಬರಿನಲ್ಲಿ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದವು. ಅಮೆರಿಕ ಮಾಡಲಿಲ್ಲ. ಅದಿಲ್ಲದ ಕೆಲವು ಕಿಯಾ, ಹ್ಯುಂಡೈ ಕಾರುಗಳನ್ನು ಯುಎಸ್‌ಬಿ ಕೇಬಲಿನ ತುದಿಯಿಂದಲೇ ತಿರುಗಿಸಿ ಕದಿಯುವ ವಿಡಿಯೋಗಳು 2021-22ರಲ್ಲಿ ಅಲ್ಲಿ ಹರಡಿದ್ದು ನಿಮ್ಮ ಫೋನಿಗೂ ಬಂದಿರುತ್ತದೆ. ಕದ್ದವರಲ್ಲಿ ಎಷ್ಟೋ ಜನ ನಿಮಗಿಂತ ಚಿಕ್ಕವರು.

ಈಗ ಸಿಕ್ಕು ನೋಡಿ. ಕೀ ಇಲ್ಲದೆ ಎಂಜಿನ್ ಶುರುವಾಗಕೂಡದು ಎನ್ನುತ್ತದೆ ಇಮ್ಮೊಬಿಲೈಜರ್. ಕೀ ಮನೆಯಲ್ಲಿರುವಾಗಲೇ ಶುರುವಾಗಬೇಕು ಎನ್ನುತ್ತದೆ ರಿಮೋಟ್ ಸ್ಟಾರ್ಟರ್. ಹೊರಗೆ ಹಾಕಿಸಿದ ಹಳೆಯ ಸ್ಟಾರ್ಟರುಗಳಲ್ಲಿ ಎಷ್ಟೋ ಕಡೆ ಮಾಡಿದ ಉಪಾಯ ಏನು ಗೊತ್ತೇ? ಕಾರಿನ ಇನ್ನೊಂದು ಕೀಯನ್ನೇ ಪುಟ್ಟ ಡಬ್ಬಿಯಲ್ಲಿಟ್ಟು ಡ್ಯಾಷ್‌ಬೋರ್ಡಿನ ಒಳಗೆ ಅಡಗಿಸುವುದು! ಹಳೇ ಕಾರು ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳಿ. ಬೀಗ ಹಾಕಿ ಬೀಗದ ಕೈಯನ್ನು ಒಳಗೇ ಇಟ್ಟಂತಾಯಿತು. ಈಗಿನವು ಆ ಕೆಲಸವನ್ನು ಕಂಪ್ಯೂಟರ್ ಸಂಕೇತದಿಂದಲೇ ಮಾಡುತ್ತವೆ.

ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುವ ಕೀಗಳು ಬಂದ ಮೇಲೆ ಕೈಯ ಗುರುತೇ ಉಳಿಯಲಿಲ್ಲ. ಒಬ್ಬ ಕಳ್ಳ ನಿಮ್ಮ ಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ ನಿಂತು ಕೀಯ ಸಂಕೇತವನ್ನು ದಾಟಿಸಿದರೆ, ಕೀ ಪಕ್ಕದಲ್ಲೇ ಇದೆಯೆಂದು ಕಾರು ನಂಬುತ್ತದೆ. ಜ್ಯೂರಿಕ್‌ನ ಸಂಶೋಧಕರು 2011ರಲ್ಲೇ ಹತ್ತು ಕಾರುಗಳ ಮೇಲೆ ಇದನ್ನು ಮಾಡಿ ತೋರಿಸಿದ್ದರು, ಹತ್ತೂ ಮೋಸಹೋದವು. ಎಚ್ಚರಿಕೆ ಯಾರಿಗೆ ಕೇಳಿಸಿತೋ! 2024ರಲ್ಲಿ ಟೊರಾಂಟೊದ ಎಟೋಬಿಕೋಕ್ ಸಭೆಯಲ್ಲಿ ಪೊಲೀಸರೊಬ್ಬರು, ಮನೆಗೆ ನುಗ್ಗಿ ಹೊಡೆಯುವುದು ತಪ್ಪಲಿ, ಕೀಯನ್ನು ಮುಂಬಾಗಿಲ ಬಳಿಯೇ ಇಡಿ ಎಂದು ಸಲಹೆ ಕೊಟ್ಟಾಗ ದೇಶವೆಲ್ಲ ಬೆರಗಾಯಿತು. ಆ ಸಲಹೆ ನನಗೆ ಸೋಲೊಪ್ಪಿದಂತೆ ಕೇಳಿಸುತ್ತದೆ. ಸಂಕೇತ ತಡೆಯುವ ಪುಟ್ಟ ಚೀಲಗಳು ಸಿಗುತ್ತವೆ, ರಾತ್ರಿ ಕೀಯನ್ನು ಅದರಲ್ಲಿಟ್ಟು ಒಳಗೆಲ್ಲಾದರೂ ಇಡಿ. ಬೇರೆ ಕೀಯನ್ನೂ ಮರೆಯಬೇಡಿ.

ಕೊನೆಗೆ, ನಿಮ್ಮ ಅಮ್ಮಂದಿರ ಪರವಾಗಿ ಒಂದು ಮಾತು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಕಾರಿದ್ದಾಗ ರಿಮೋಟ್ ಸ್ಟಾರ್ಟ್ ಒತ್ತಲೇಬೇಡಿ, ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಸರಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅಲಾರಮ್ಮಿನಂತೆ ಅದು ಕೂಗುವುದೂ ಇಲ್ಲ. ರಾತ್ರಿಯೆಲ್ಲ ಹಿಮ ಬಿದ್ದಿದ್ದರೆ ಮೊದಲು ಹೊರಗೆ ಹೋಗಿ ಹೊಗೆಕೊಳವೆಯ ಸುತ್ತ ತೆರವು ಮಾಡಿ, ಆಮೇಲೆ ಗುಂಡಿ ಒತ್ತಿ. ಅಷ್ಟರಮಟ್ಟಿಗೆ ಇವತ್ತಿಗೂ ಕೈಯೇ ಬೇಕು, ಗ್ಲೌಸ್ ಹಾಕಿಕೊಳ್ಳಿ.