ಕಲಮಾದದ್ದು, ಕಡತವಾದದ್ದು: ಪರಿಸರ ಶಾಸನಗಳ ನಡುವೆ ಜೈರಾಮ್ ರಮೇಶ್

ನಮ್ಮ ಪರಿಸರ ಕಾಯ್ದೆಗಳ ಮೊದಲ ತಲೆಮಾರು ಸದನದ ಬಿಸಿ ಚರ್ಚೆಯಿಂದ ಹುಟ್ಟಿದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1974ರ ಜಲಮಾಲಿನ್ಯ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಮೂರಕ್ಕೂ ಬೆನ್ನೆಲುಬಾಗಿದ್ದುದು ಇಂದಿರಾ ಗಾಂಧಿಯವರ ಆಸಕ್ತಿ. ಅರಣ್ಯ ಕಾಯ್ದೆಯಂತೂ ಮೊದಲು ಬಂದದ್ದೇ ಸುಗ್ರೀವಾಜ್ಞೆಯ ರೂಪದಲ್ಲಿ. ಕಾಡು ಮತ್ತು ವನ್ಯಜೀವಿಗಳನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಸರಿಸಿದ 42ನೇ ತಿದ್ದುಪಡಿ 1976ರದ್ದು. ತುರ್ತುಪರಿಸ್ಥಿತಿಯ ಆ ಸಂಸತ್ತಿನಲ್ಲಿ ಎಷ್ಟು ಚರ್ಚೆಗೆ ಜಾಗವಿತ್ತೆಂದು ಬಿಡಿಸಿ ಹೇಳಬೇಕಿಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಗೆ ಭೋಪಾಲದ ಸಾವುಗಳು ಬೇಕಾದವು.

ಮಸೂದೆಯೊಂದು ಸಂಸತ್ತಿನೊಳಗೆ ಹೋಗಿ ಬೇರೆಯದೇ ಆಗಿ ಹೊರಬಂದ ದೊಡ್ಡ ಉದಾಹರಣೆ 2006ರ ಅರಣ್ಯ ಹಕ್ಕು ಕಾಯ್ದೆ. ಕಿಶೋರ್ ಚಂದ್ರ ದೇವ್ ಅಧ್ಯಕ್ಷತೆಯ ಜಂಟಿ ಸಮಿತಿ ಬುಡಕಟ್ಟಿನವರ ಜೊತೆಗೆ ಇತರ ಪಾರಂಪರಿಕ ಅರಣ್ಯವಾಸಿಗಳನ್ನೂ ಸೇರಿಸಬೇಕೆಂದಿತು. ಕಾಯ್ದೆ ಆ ದಾರಿಯಲ್ಲೇ ಹೋಯಿತು. ಸಂಸದರು ಮನಸ್ಸು ಮಾಡಿದರೆ ಸರ್ಕಾರದ ಕರಡು ಬದಲಾಗುತ್ತದೆ ಎಂಬುದು ಆಗ ಕಂಡಿತು.

ಜೈರಾಮ್ ರಮೇಶ್ ಪರಿಸರ ಖಾತೆಗೆ ಬಂದದ್ದು ಇದಾದ ಮೂರು ವರ್ಷಕ್ಕೆ, 2009ರ ಮೇ ತಿಂಗಳಲ್ಲಿ. ಚಿಕ್ಕಮಗಳೂರಿನಲ್ಲಿ ಹುಟ್ಟಿ, ಮುಂಬೈ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಆಗ ಆಂಧ್ರಪ್ರದೇಶದಿಂದ ರಾಜ್ಯಸಭಾ ಸದಸ್ಯ. 2016ರಿಂದ ಕರ್ನಾಟಕವನ್ನು ಪ್ರತಿನಿಧಿಸುತ್ತಿದ್ದಾರೆ. ಮಂತ್ರಿಯಾಗಿ ಅವರು ಸುದ್ದಿಯಾದದ್ದು ಬಿಟಿ ಬದನೆಗೆ ತಡೆ, ನಿಯಮಗಿರಿಯಲ್ಲಿ ವೇದಾಂತ ಕಂಪನಿಯ ಗಣಿಗೆ ನಿರಾಕರಣೆ, ಕಲ್ಲಿದ್ದಲು ಪ್ರದೇಶಗಳಿಗೆ ಗೆರೆ ಎಳೆಯುವ ಯತ್ನಗಳಿಂದ. ಅದೇ ಮಂತ್ರಿ ಪೋಸ್ಕೋದ ಉಕ್ಕಿನ ಕಾರ್ಖಾನೆಗೂ ನವಿ ಮುಂಬೈ ವಿಮಾನ ನಿಲ್ದಾಣಕ್ಕೂ ಷರತ್ತು ಹಾಕಿ ಒಪ್ಪಿಗೆ ಕೊಟ್ಟರು ಎಂಬುದನ್ನು ಅಭಿಮಾನಿಗಳು ಬೇಗ ಮರೆಯುತ್ತಾರೆ. ಈ ಮಂಜೂರಾತಿಗಳ ಗದ್ದಲ ಇಲ್ಲಿ ನಮಗೆ ಮುಖ್ಯವಲ್ಲ. ಶಾಸನಕಾರರಾಗಿ ಅವರು ಬಿಟ್ಟುಹೋದದ್ದೇನು ಎಂಬುದು ಪ್ರಶ್ನೆ.

ಮೊದಲನೆಯದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. 1995ರಲ್ಲಿ ಪರಿಸರ ನ್ಯಾಯಮಂಡಳಿಗೆಂದು ಒಂದು ಕಾಯ್ದೆ ಬಂದಿತ್ತು. ಅದರಡಿ ಮಂಡಳಿ ರಚನೆಯಾಗಲೇ ಇಲ್ಲ. 1997ರ ಮೇಲ್ಮನವಿ ಪ್ರಾಧಿಕಾರ ಹೆಸರಿಗಷ್ಟೇ ಇತ್ತು. 2009ರ ಜುಲೈನಲ್ಲಿ ಮಂಡನೆಯಾದ ಹೊಸ ಮಸೂದೆ ಸ್ಥಾಯಿ ಸಮಿತಿಗೆ ಹೋಗಿ, ತಿದ್ದುಪಡಿಗಳೊಂದಿಗೆ 2010ರ ಮೇ ಹೊತ್ತಿಗೆ ಎರಡೂ ಸದನಗಳನ್ನು ದಾಟಿತು. ಬಾಧಿತ ವ್ಯಕ್ತಿಯಷ್ಟೇ ಅಲ್ಲ, ಅವರ ಪರವಾಗಿ ಸಂಘಟನೆಗಳೂ ಬಾಗಿಲು ತಟ್ಟಬಹುದು. ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಇದೆ. ಆದೇಶ ಮೀರಿದ ಕಂಪನಿಗೆ 25 ಕೋಟಿ ರೂಪಾಯಿವರೆಗೆ ದಂಡವಿದೆ. ಮಾಲಿನ್ಯ ಮಾಡಿದವರೇ ತೆರಬೇಕು ಎಂಬ ತತ್ವ 20ನೇ ಕಲಮಿನಲ್ಲೇ ಕೂತಿದೆ. ಬೆಳ್ಳಂದೂರು ಕೆರೆಯ ನೊರೆಗಾಗಿ 2018ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರಕ್ಕೆ 50 ಕೋಟಿ ದಂಡ ಹಾಕಿದ್ದು ಇದೇ ಮಂಡಳಿ.

ಇನ್ನು ಅವರ ಸಚಿವಾಲಯದ 2009ರ ಆಗಸ್ಟಿನ ಸುತ್ತೋಲೆ. ಕಾಡನ್ನು ಬೇರೆ ಉದ್ದೇಶಕ್ಕೆ ಬಿಟ್ಟುಕೊಡುವ ಮುನ್ನ ಅರಣ್ಯ ಹಕ್ಕುಗಳ ಇತ್ಯರ್ಥವಾಗಿರಬೇಕು, ಗ್ರಾಮಸಭೆಯ ಒಪ್ಪಿಗೆ ಬೇಕು ಎಂದು ಅದು ಹೇಳಿತು. ನಿಯಮಗಿರಿಯ ಕತೆಗೆ ಬಲ ಬಂದದ್ದು ಈ ನಿಲುವಿನಿಂದಲೇ. 2013ರಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಗ್ರಾಮಸಭೆಗಳಿಗೆ ಬಿಟ್ಟಾಗ ಸೇರಿದ 12 ಸಭೆಗಳೂ ಗಣಿ ಬೇಡವೆಂದವು. ಆದರೆ ಅದು ಸುತ್ತೋಲೆ, ಕಾಯ್ದೆಯಲ್ಲ. 2022ರ ಜೂನಿನ ಅರಣ್ಯ ಸಂರಕ್ಷಣಾ ನಿಯಮಗಳು ಕೇಂದ್ರದ ಅಂತಿಮ ಒಪ್ಪಿಗೆಗೆ ಮೊದಲೇ ಹಕ್ಕು ಇತ್ಯರ್ಥವಾಗಬೇಕೆಂಬ ಕಟ್ಟು ಸಡಿಲಿಸಿ, ಆ ಹೊಣೆಯನ್ನು ರಾಜ್ಯಗಳ ಹೆಗಲಿಗೆ ದಾಟಿಸಿದವು. ಅದಕ್ಕೆ ಸಂಸತ್ತಿನಲ್ಲಿ ಮತ ಹಾಕಿಸುವ ಅಗತ್ಯವೇ ಬೀಳಲಿಲ್ಲ.

ಇದಕ್ಕೆ ಎದುರು ನಿಲ್ಲಿಸಿ ನೋಡಬೇಕಾದದ್ದು 2013ರ ಭೂಸ್ವಾಧೀನ ಕಾಯ್ದೆ. ಆಗ ಜೈರಾಮ್ ಗ್ರಾಮೀಣಾಭಿವೃದ್ಧಿ ಸಚಿವರು. ಖಾಸಗಿ ಯೋಜನೆಗೆ ಶೇ. 80, ಸರ್ಕಾರಿ ಖಾಸಗಿ ಪಾಲುದಾರಿಕೆಗೆ ಶೇ. 70 ಮಂದಿಯ ಒಪ್ಪಿಗೆ. ಹಳ್ಳಿಗಳಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ. 2014ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಇದನ್ನು ಸುಗ್ರೀವಾಜ್ಞೆಯಿಂದ ಸಡಿಲಿಸಲು ಹೋಗಿ, ಮತ್ತೆ ಮತ್ತೆ ಹೊರಡಿಸಿ, ಕೊನೆಗೆ 2015ರ ಆಗಸ್ಟಿನಲ್ಲಿ ಕೈಬಿಟ್ಟಿತು. ರಾಜ್ಯಸಭೆಯಲ್ಲಿ ಸಂಖ್ಯೆ ಇರಲಿಲ್ಲ, ರೈತರು ಬೀದಿಯಲ್ಲಿದ್ದರು. ಕಾಯ್ದೆಯ ಪುಸ್ತಕದಲ್ಲಿ ಅಚ್ಚಾದದ್ದನ್ನು ಅಳಿಸಲು ಸದನಕ್ಕೇ ಬರಬೇಕು. ಮುಂದೆ ಗುಜರಾತ್, ತೆಲಂಗಾಣದಂಥ ರಾಜ್ಯಗಳು ತಮ್ಮದೇ ತಿದ್ದುಪಡಿ ತಂದು ಬಳಸುದಾರಿ ಕಂಡುಕೊಂಡವು, ಅದು ಬೇರೆ.

ವಿರೋಧ ಪಕ್ಷದಲ್ಲಿ ಕೂತ ಮೇಲೆ ಅವರ ಮುಖ್ಯ ಪರೀಕ್ಷೆ 2016ರ ಜುಲೈನಲ್ಲಿ, ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಮಸೂದೆಯಲ್ಲಿ. ಕಡಿದ ಕಾಡಿಗೆ ಬದಲಾಗಿ ಕಟ್ಟಿಸಿಕೊಂಡು ಕೂಡಿಬಿದ್ದಿದ್ದ ಸುಮಾರು 42,000 ಕೋಟಿ ರೂಪಾಯಿಯನ್ನು ಶೇ. 90ರಷ್ಟು ರಾಜ್ಯಗಳಿಗೆ ಹಂಚುವ ಮಸೂದೆ ಅದು. ಯಾವ ರಾಜ್ಯ ಬೇಡವೆನ್ನುತ್ತದೆ? ಬುಡಕಟ್ಟಿನವರ ಭೂಮಿಯಲ್ಲಿ ಅವರನ್ನು ಕೇಳದೆ ಗಿಡ ನೆಡುವಂತಿಲ್ಲ, ಗ್ರಾಮಸಭೆಯ ಒಪ್ಪಿಗೆ ಕಾಯ್ದೆಯಲ್ಲೇ ಇರಲಿ ಎಂದು ಜೈರಾಮ್ ಪಟ್ಟು ಹಿಡಿದರು. ಪರಿಸರ ಸಚಿವ ಅನಿಲ್ ಮಾಧವ ದವೆ ನಿಯಮಗಳಲ್ಲಿ ಇದನ್ನು ಸರಿಪಡಿಸುವ ಭರವಸೆ ಕೊಟ್ಟರು. ಜೈರಾಮರ ತಿದ್ದುಪಡಿ ಹಿಂದಕ್ಕೆ ಸರಿಯಿತು, ಜುಲೈ 28ರಂದು ಮಸೂದೆ ಪಾಸಾಯಿತು. ನಿಯಮಗಳು ಬಂದದ್ದು 2018ರಲ್ಲಿ. ಕೇಳಿದ್ದ ಒಪ್ಪಿಗೆಯ ಜಾಗದಲ್ಲಿ ಸಮಾಲೋಚನೆ ಬಂದು ಕೂತಿತ್ತು. ಸಚಿವರ ಬಾಯಿಮಾತಿಗೆ ಒಂದು ಕಲಮನ್ನು ಬಿಟ್ಟುಕೊಟ್ಟದ್ದು ಅವರ ಸಂಸದೀಯ ಬದುಕಿನ ದುಬಾರಿ ಸೌಜನ್ಯ ಎಂದೇ ನನ್ನ ಎಣಿಕೆ.

ಮರುವರ್ಷ, 2017ರ ಹಣಕಾಸು ಕಾಯ್ದೆಯ ಮೂಲಕ ಹಸಿರು ನ್ಯಾಯಮಂಡಳಿಯೂ ಸೇರಿದಂತೆ ಹಲವು ಮಂಡಳಿಗಳ ನೇಮಕಾತಿಯ ನಿಯಂತ್ರಣ ಸರ್ಕಾರದ ಕೈಗೆ ಹೋಯಿತು. ಅದನ್ನು ಹಣದ ಮಸೂದೆ (ಮನಿ ಬಿಲ್) ಎಂದು ತಂದದ್ದರಿಂದ ರಾಜ್ಯಸಭೆಯ ತಿದ್ದುಪಡಿಗೆ ಬೆಲೆಯಿರಲಿಲ್ಲ. ಜೈರಾಮ್ ಸುಪ್ರೀಂ ಕೋರ್ಟಿಗೆ ಹೋದರು. 2019ರ ನವೆಂಬರಿನಲ್ಲಿ ಸಂವಿಧಾನ ಪೀಠ ಆ ಕಾಯ್ದೆಯಡಿ ಬಂದ ನೇಮಕಾತಿ ನಿಯಮಗಳನ್ನು ರದ್ದು ಮಾಡಿ, ಹಣದ ಮಸೂದೆಯ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಕಳಿಸಿತು.

2019ರಲ್ಲಿ ಪರಿಸರ ಮತ್ತು ಅರಣ್ಯ ವಿಷಯಗಳ ಸ್ಥಾಯಿ ಸಮಿತಿಯ ಅಧ್ಯಕ್ಷತೆ ಅವರಿಗೆ ಬಂತು. ವನ್ಯಜೀವಿ ತಿದ್ದುಪಡಿ ಮಸೂದೆ ಅಲ್ಲಿಗೆ ಬಂದಾಗ ಸಮಿತಿ ಅನುಸೂಚಿಗಳನ್ನು ಜೀವಜಾತಿಯ ಮಟ್ಟಕ್ಕೆ ಇಳಿದು ಪರಿಶೀಲಿಸಿ, ಬಿಟ್ಟುಹೋದವುಗಳನ್ನು ಪಟ್ಟಿ ಮಾಡಿ 2022ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಸದನದ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುವುದು ಇಂಥ ಬೇಸರದ ಓದು. ಆದರೆ ಜೀವವೈವಿಧ್ಯ ತಿದ್ದುಪಡಿ, ಆಮೇಲೆ ಅರಣ್ಯ ಸಂರಕ್ಷಣಾ ತಿದ್ದುಪಡಿ ಎರಡೂ ಅವರ ಸಮಿತಿಯನ್ನು ಬದಿಗಿಟ್ಟು ಜಂಟಿ ಸಮಿತಿಗಳಿಗೆ ಹೋದವು. ಅವರು ಬರೆದ ಆಕ್ಷೇಪ ಪತ್ರಗಳು ಫಲ ಕೊಡಲಿಲ್ಲ. ಅರಣ್ಯ ಮಸೂದೆಯ ಜಂಟಿ ಸಮಿತಿ ಒಂದು ಬದಲಾವಣೆಯನ್ನೂ ಸೂಚಿಸಲಿಲ್ಲ. ವಿರೋಧ ಪಕ್ಷದವರ ಭಿನ್ನಮತದ ಟಿಪ್ಪಣಿಗಳು ಮಾತ್ರ ಉಳಿದವು. ಅಂತರರಾಷ್ಟ್ರೀಯ ಗಡಿಯಿಂದ 100 ಕಿ.ಮೀ. ಒಳಗಿನ ಆಯಕಟ್ಟಿನ ಯೋಜನೆಗಳಿಗೆ ವಿನಾಯಿತಿ ಕೊಡುವ, ಕಾಡಿನ ವ್ಯಾಪ್ತಿಯನ್ನೇ ಮೊಟಕುಗೊಳಿಸುವ ಮಸೂದೆ 2023ರ ಆಗಸ್ಟ್ 2ರಂದು, ಮಣಿಪುರದ ಹಿಂಸೆಯ ಕುರಿತ ಗದ್ದಲದ ನಡುವೆ ರಾಜ್ಯಸಭೆಯನ್ನು ದಾಟಿತು. ಪ್ರತಿಭಟನೆಗೆ ಕಾರಣವಿತ್ತು, ಒಪ್ಪೋಣ. ಆದರೂ ನಾಲ್ಕು ದಶಕಗಳಷ್ಟು ಹಳೆಯ ಕಾಯ್ದೆಯ ಬುಡ ಅಲುಗುವಾಗ ವಿರೋಧ ಪಕ್ಷದ ಕುರ್ಚಿಗಳು ಖಾಲಿ ಇದ್ದುದು ಅವರ ಪಕ್ಷದ ಲೆಕ್ಕಕ್ಕೂ ಸೇರಬೇಕು.

ದಾಖಲೆಗಳಲ್ಲಿ ಅರಣ್ಯವೆಂದು ಬರೆಯದ ಕಾಡಿಗೆ ಇನ್ನು ರಕ್ಷಣೆ ಇದೆಯೇ ಎಂಬ ಪ್ರಶ್ನೆ ಮಲೆನಾಡಿಗರಿಗೆ ಹೊಸದಲ್ಲ. ಇಂಥ ‘ಡೀಮ್ಡ್’ ಅರಣ್ಯದ ವಿಸ್ತೀರ್ಣವನ್ನು ಕರ್ನಾಟಕ ಸರ್ಕಾರ 9.94 ಲಕ್ಷ ಹೆಕ್ಟೇರಿನಿಂದ 3.30 ಲಕ್ಷಕ್ಕೆ ಇಳಿಸಿದ್ದು 2022ರ ಮೇ ತಿಂಗಳಲ್ಲಿ. ಹೊಸ ಕಾಯ್ದೆಯ ವಿರುದ್ಧದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 19ರಂದು ಮಧ್ಯಂತರ ಆದೇಶ ಕೊಟ್ಟು, 1996ರ ಗೋದಾವರ್ಮನ್ ತೀರ್ಪಿನ ನಿಘಂಟಿನ ಅರ್ಥದ ಕಾಡಿನ ವ್ಯಾಖ್ಯೆಯನ್ನೇ ಸದ್ಯಕ್ಕೆ ಪಾಲಿಸಬೇಕೆಂದು ರಾಜ್ಯಗಳಿಗೆ ಹೇಳಿತು.