ವಿಕಲಚೇತನರ ಕ್ರೀಡೆ ಮತ್ತು ಹೊರಾಂಗಣ ವಿಹಾರ: ಕರ್ನಾಟಕ

ಕಣ್ಣು, ಕಿವಿ, ಕೈಕಾಲು ಅಥವಾ ಬುದ್ಧಿಬೆಳವಣಿಗೆಯ ನ್ಯೂನತೆ ಇರುವವರೂ ಆಟೋಟ, ಈಜು, ಚಾರಣ, ಪ್ರವಾಸಗಳಲ್ಲಿ ಪಾಲ್ಗೊಳ್ಳುವಂತೆ ನಿಯಮ, ಸಲಕರಣೆ ಮತ್ತು ಸ್ಥಳಗಳನ್ನು ಮಾರ್ಪಡಿಸುವ ವ್ಯವಸ್ಥೆ. ಕರ್ನಾಟಕದಲ್ಲಿ ಸ್ಪರ್ಧಾಕಣದ ಬಾಗಿಲು ಬೇಗ ತೆರೆಯಿತು. ಕೋಟೆ, ಕೆರೆ ಏರಿ, ಉದ್ಯಾನಗಳ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ.

ಆಧುನಿಕ ಚರಿತ್ರೆ ಶುರುವಾಗುವುದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ. ಲಂಡನ್ ಒಲಿಂಪಿಕ್ಸ್ ಆರಂಭವಾದ 1948ರ ಜುಲೈ 29ರಂದೇ ವೈದ್ಯ ಲುಡ್ವಿಗ್ ಗುಟ್‌ಮನ್ ಅಲ್ಲಿ ಬೆನ್ನುಹುರಿಗೆ ಪೆಟ್ಟಾದ 16 ಮಾಜಿ ಸೈನಿಕರಿಗೆ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದರು. ಅದೇ ಬೆಳೆದು 1960ರ ರೋಮ್ ಪ್ಯಾರಾಲಿಂಪಿಕ್ಸ್ ಆಯಿತು. ಭಾರತ ಮೊದಲು ಪಾಲ್ಗೊಂಡದ್ದು 1968ರಲ್ಲಿ. 1965ರ ಯುದ್ಧದಲ್ಲಿ ಗಾಯಗೊಂಡಿದ್ದ ಮುರಳಿಕಾಂತ್ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಕೂಟದ ಈಜಿನಲ್ಲಿ ದೇಶಕ್ಕೆ ಮೊದಲ ಚಿನ್ನ ತಂದರು.

ಕರ್ನಾಟಕದಲ್ಲಿ ಇದಕ್ಕೆ ನೆಲೆ ಒದಗಿಸಿದ್ದು ಯುದ್ಧಗಾಯಾಳುಗಳ ಆಸ್ಪತ್ರೆಯಲ್ಲ, ವಿಶೇಷ ಶಾಲೆ ಮತ್ತು ಸ್ವಯಂಸೇವಾ ಸಂಸ್ಥೆಗಳು. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಆರಂಭವಾಗಿತ್ತು. 1959ರಲ್ಲಿ ಎನ್.ಎಸ್. ಹೇಮಾ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯನ್ನು (ಎಪಿಡಿ) ಕಟ್ಟಿದರು. ಇಂದಿನ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ಮೂಲರೂಪವಾದ ಕ್ರೀಡಾ ಒಕ್ಕೂಟವನ್ನು 1992ರಲ್ಲಿ ಸ್ಥಾಪಿಸಿದವರು ಎಂ. ಮಹದೇವ.

ಎಳವೆಯಲ್ಲೇ ಪೋಲಿಯೊಗೆ ತುತ್ತಾದ ಮಾಲತಿ ಕೃಷ್ಣಮೂರ್ತಿ ಹೊಳ್ಳ ಬ್ಯಾಂಕ್ ನೌಕರಿ ಮಾಡಿಕೊಂಡೇ ಗಾಲಿಕುರ್ಚಿ ಓಟ ಮತ್ತು ಎಸೆತಗಳಲ್ಲಿ ಹೆಸರು ಮಾಡಿ 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು. ಕುಬ್ಜರ ಕ್ರೀಡೆಯಲ್ಲಿ ಕೆ.ವೈ. ವೆಂಕಟೇಶ್, ಭಾರ ಎತ್ತುವುದರಲ್ಲಿ ಫರ್ಮಾನ್ ಬಾಷಾ, ಈಜಿನಲ್ಲಿ ಶರತ್ ಗಾಯಕವಾಡ ಬಂದರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಸಿಕ್ಕ ಒಂದೇ ಒಂದು ಪದಕ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರದು: ಎತ್ತರ ಜಿಗಿತ, 1.74 ಮೀಟರ್, ಬೆಳ್ಳಿ. ಹಾಸನದಲ್ಲೇ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಕಡೆ ಬ್ಯಾಡ್ಮಿಂಟನ್ ಬೆಳ್ಳಿ ಗೆದ್ದರು. ಬೆಟ್ಟ ಹತ್ತುವ ಕ್ರೀಡೆಯೂ ಹಿಂದೆ ಬಿದ್ದಿಲ್ಲ; ಕಾಲಿನ ಪೋಲಿಯೊ ಇದ್ದ ಬೆಂಗಳೂರಿನ ಮಣಿಕಂಠನ್ ಕುಮಾರ್ 2012ರಲ್ಲಿ ಪ್ಯಾರಿಸ್‌ನ ವಿಶ್ವ ಪ್ಯಾರಾಕ್ಲೈಂಬಿಂಗ್ ಕೂಟದಲ್ಲಿ ಚಿನ್ನ ಗೆದ್ದರು.

ಇವೆಲ್ಲಕ್ಕಿಂತ ಹೆಚ್ಚಾಗಿ ಹಳ್ಳಿಗಳವರೆಗೆ ತಲುಪಿದ ಆಟ ಅಂಧರ ಕ್ರಿಕೆಟ್. 1922ರಲ್ಲಿ ಮೆಲ್ಬರ್ನ್‌ನ ಇಬ್ಬರು ಅಂಧ ಕಾರ್ಮಿಕರು ಕಲ್ಲು ತುಂಬಿದ ತಗಡಿನ ಡಬ್ಬಿಯನ್ನೇ ಚೆಂಡು ಮಾಡಿಕೊಂಡು ಇದನ್ನು ಶುರುಮಾಡಿದರು. ಈಗಿನ ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗಿನ ಉಕ್ಕಿನ ಗುಂಡುಗಳು ಗಲಗಲ ಎನ್ನುತ್ತವೆ. ಬೌಲರ್ ‘ರೆಡಿ?’ ಎಂದು ಕೇಳಿ, ಬ್ಯಾಟರ್ ‘ಯೆಸ್’ ಅಂದ ಮೇಲೆ, ‘ಪ್ಲೇ’ ಎಂದು ಕೂಗಿ ತೋಳು ಕೆಳಗಿಟ್ಟೇ ಎಸೆಯಬೇಕು. ಚೆಂಡು ಪಿಚ್‌ನ ಅರ್ಧ ದಾಟುವ ಮೊದಲೇ ನೆಲ ಮುಟ್ಟಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಗಳಿಸಿದ ಒಂದು ರನ್ನಿಗೆ ಎರಡರ ಲೆಕ್ಕ. ಇದು ರಿಯಾಯಿತಿಯಲ್ಲ. ಪೂರ್ಣ ಅಂಧರನ್ನು ಲೆಕ್ಕಕ್ಕಷ್ಟೇ ಸೇರಿಸಿ ಬದಿಗೆ ನಿಲ್ಲಿಸದಂತೆ ತಡೆಯುವ ಜಾಣ ನಿಯಮ.

ಶಿವಮೊಗ್ಗದ ಅಂಧರ ಶಾಲೆಯಲ್ಲಿ ಆಟ ಕಲಿತ ಶೇಖರ್ ನಾಯ್ಕ್ ಭಾರತ ತಂಡದ ನಾಯಕರಾದರು. 2012ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಟಿ20 ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು 29 ರನ್‌ಗಳಿಂದ ಸೋಲಿಸಿದ್ದು ಇವರ ತಂಡ. 2017 ಮತ್ತು 2022ರ ಫೈನಲ್‌ಗಳೂ ಬೆಂಗಳೂರಿನಲ್ಲೇ ನಡೆದವು, ಎರಡನ್ನೂ ಭಾರತವೇ ಗೆದ್ದಿತು. ಆಟದ ಸಂಘಟನೆಗೆ ಬೆನ್ನೆಲುಬಾಗಿ ನಿಂತದ್ದು ಮಹಾಂತೇಶ್ ಜಿ. ಕಿವಡಸಣ್ಣವರ 1997ರಲ್ಲಿ ಸ್ಥಾಪಿಸಿದ ಸಮರ್ಥನಂ ಟ್ರಸ್ಟ್. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ನೇಪಾಳವನ್ನು 7 ವಿಕೆಟ್‌ಗಳಿಂದ ಮಣಿಸಿದ ಭಾರತ ತಂಡದ ನಾಯಕಿ ಟಿ.ಸಿ. ದೀಪಿಕಾ. ಅವರು ಹಿರಿಯೂರು, ಶಿರಾ ಸೀಮೆಗೆ ಹತ್ತಿರದ, ಆಂಧ್ರಕ್ಕೆ ಸೇರಿದ ಕನ್ನಡ ಮಾತಿನ ಮಡಕಶಿರಾ ಕಡೆಯವರು. ಗೆದ್ದು ಬಂದ ಮೇಲೆ ಆಂಧ್ರ ಸರ್ಕಾರದ ಮುಂದೆ ಅವರು ಇಟ್ಟ ಬೇಡಿಕೆ ತಮ್ಮೂರಿಗೊಂದು ರಸ್ತೆ.

ಟ್ರ್ಯಾಕ್‌ನಲ್ಲಿ ಹೆಸರಿಸಲೇಬೇಕಾದವರು ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು; 2018 ಮತ್ತು 2022ರ ಆವೃತ್ತಿಗಳ ಏಷ್ಯನ್ ಪ್ಯಾರಾ ಕೂಟಗಳ ಅಂಧರ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದವರು. ಈ ವಿಭಾಗದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮಾರ್ಗದರ್ಶಿ ಓಟಗಾರನೊಂದಿಗೆ ಗಿಡ್ಡನೆಯ ದಾರ ಹಿಡಿದು ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡಬೇಕು. ಗುರಿಗೆರೆಯನ್ನು ಮಾರ್ಗದರ್ಶಿ ಮೊದಲು ದಾಟಿದರೆ ಓಟವೇ ಅನರ್ಹ.

ವಿಹಾರದ ಕಥೆ ಬೇರೆ. 1995ರ ಕಾಯ್ದೆಯ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29 ಮತ್ತು 30ನೇ ಕಲಮುಗಳು ಮನರಂಜನೆಯನ್ನೂ ಕ್ರೀಡೆಯನ್ನೂ ಹಕ್ಕಿನ ವ್ಯಾಪ್ತಿಗೆ ತಂದವು. ಗಾಲಿಕುರ್ಚಿ ಏರಲು ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು. ಈ ಲೆಕ್ಕದಲ್ಲಿ ಚಿತ್ರದುರ್ಗದ ಏಳುಸುತ್ತಿನ ಕೋಟೆಯ ನೆತ್ತಿಗೆ ಗಾಲಿಕುರ್ಚಿ ಒಯ್ಯುವುದು ಆಗದ ಮಾತು. ಬಂಡೆ ಕಡಿದು ದಾರಿ ಮಾಡುವುದನ್ನು ಯಾರೂ ಒಪ್ಪುವುದಿಲ್ಲ. ಆದರೆ ಕೆಳಸುತ್ತಿನಲ್ಲಿ ಸಮತಟ್ಟು ದಾರಿ, ಹಿಡಿಕಂಬಿ, ಬ್ರೈಲ್ ಫಲಕ, ಕೈಯಿಂದ ಮುಟ್ಟಿ ತಿಳಿಯುವ ಕೋಟೆಯ ಮಾದರಿ, ಬಳಸಲು ಬರುವ ಶೌಚಾಲಯ ಇವಕ್ಕೆ ಬಂಡೆ ಅಡ್ಡಬರುವುದಿಲ್ಲ. 1907ರಲ್ಲಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರದಂಥ ತಾಣಗಳಿಗೂ ಇದೇ ಮಾತು ಸಲ್ಲುತ್ತದೆ. ಪ್ರವೇಶಯೋಗ್ಯತೆಯ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂಥ ಊರಿನಲ್ಲಿ ಈ ವ್ಯವಸ್ಥೆಯ ಮೊದಲ ಕೊಂಡಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿಗಳು ಶೇ 5ರಷ್ಟು ಹಣವನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಶಾಲೆಯ ಮೈದಾನಕ್ಕೊಂದು ಇಳಿಜಾರು ದಾರಿ, ಮಕ್ಕಳಿಗೊಂದು ಗಲಗಲ ಚೆಂಡು ಬೇಕೆನ್ನುವವರು ಅದನ್ನು ಗ್ರಾಮಸಭೆಯಲ್ಲೇ ಕೇಳಿ ನಡಾವಳಿಯಲ್ಲಿ ಬರೆಸಬೇಕು.